ಸತ್ತವರ ಕಾಲಿನ ರದ್ದಿ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಆಡಿದ ಮಾತುಗಳಿವು. ಬರೆದುಕೊಡಿ ಎಂದು ಕೆಲವರು ಕೇಳಿದ್ದರಿಂದ ನೆನಪಿದ್ದಷ್ಟನ್ನು ಬರೆದಿದ್ದೇನೆ. ಅಂದು ಗೋಡೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳ ಬದಲಿಗೆ ನಾಲ್ಕು ಮಾತು ಹೆಚ್ಚಿಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಪರಿಚಯಿಸಿದವರು ‘ಇತಿಹಾಸಾಸಕ್ತರು’ ಎಂದರು. ಅದು ಅವರ ದೊಡ್ಡ ಮನಸ್ಸು. ನಾನು ಮೂವತ್ತಮೂರು ವರ್ಷ ಕಂದಾಯ ಇಲಾಖೆಯಲ್ಲಿ ಗುಮಾಸ್ತಿಕೆ ಮಾಡಿದವನು. ಅದರಲ್ಲಿ ಹನ್ನೊಂದು ವರ್ಷ ಕಳೆದದ್ದು ರೆಕಾರ್ಡ್ ರೂಮಿನಲ್ಲಿ. ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳಿಗೆ ನಮ್ಮಲ್ಲಿ ರುಮಾಲು ಎನ್ನುತ್ತಿದ್ದರು. ಯಾರಾದರೂ ನಕಲಿಗೆ ಅರ್ಜಿ ಹಾಕಿದರೆ ಏಣಿ ಹತ್ತಿ, ರುಮಾಲು ಇಳಿಸಿ, ಧೂಳು ಒದರಿ, ಸೀನುತ್ತಾ ಹುಡುಕುವುದು ನನ್ನ ಕೆಲಸ. ಕಾಗದಕ್ಕೆ ಮೂರು ಶತ್ರುಗಳು ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು: ನೀರು, ಗೆದ್ದಲು, ಹೊಸದಾಗಿ ವರ್ಗವಾಗಿ ಬಂದ ಸಾಹೇಬರು. ಮೊದಲ ಎರಡು ಹೇಗೋ ನಿಧಾನ. ಮೂರನೆಯವರು ಬಂದ ವಾರವೇ ‘ಇದೆಲ್ಲ ಏನ್ರೀ ಕಸ, ವಿಲೇವಾರಿ ಮಾಡಿ’ ಎನ್ನುವವರು.

ಇದನ್ನೇಕೆ ಮೊದಲಿಗೇ ಹೇಳುತ್ತಿದ್ದೇನೆ ಎಂದರೆ, 2018ರ ಸೆಪ್ಟೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ನೋಡಿಬಂದ ಮರುಭೂಮಿಯ ಸ್ಮಶಾನವನ್ನು ನಾನು ನೋಡಿದ್ದು ಪುರಾತತ್ವದವರ ಕಣ್ಣಿನಿಂದಲ್ಲ, ರೆಕಾರ್ಡ್ ರೂಮಿನವನ ಕಣ್ಣಿನಿಂದ. ಹೆಣಗಳ ವಿಷಯ ಕೇಳಲು ಬಂದವರಿಗೆ ಸ್ವಲ್ಪ ನಿರಾಸೆಯಾಗಬಹುದು. ಹೆಣಗಳೂ ಇವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವುಗಳ ಕಾಲಿನಲ್ಲಿದ್ದ ಜೋಡು.

ಊರಿನ ಹೆಸರು ತುರ್ಫಾನ್. ಚೀನಾದ ಪಶ್ಚಿಮ ತುದಿಯ ಷಿನ್‌ಜಿಯಾಂಗ್ ಸೀಮೆ. ಉರುಮ್ಚಿಯಿಂದ ವೇಗದ ರೈಲಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿಂದ ಆಗ್ನೇಯಕ್ಕೆ ನಲವತ್ತು ಕಿಲೋಮೀಟರಿನಷ್ಟು ಹೋದರೆ ಗಾವೊಚಾಂಗ್ ಎಂಬ ಹಾಳೂರಿನ ಮಣ್ಣಿನ ಕೋಟೆ. ಅದರ ಪಕ್ಕದಲ್ಲೇ ಈ ಸ್ಮಶಾನ. ಹೆಸರು ಅಸ್ತಾನ. ಟಿಕೆಟಿನ ಕಿಟಕಿಯ ಮುಂದೆ ಆ ಹೆಸರು ಕಿವಿಗೆ ಬಿದ್ದಾಗ ನನಗೆ ನಗು ಬಂತು. ನಮಗೆ ಆಸ್ಥಾನ ಎಂದರೆ ರಾಜ, ಸಿಂಹಾಸನ, ವಿದ್ವಾಂಸರು. ಪಾರ್ಸಿಯಲ್ಲಿ ‘ಆಸ್ತಾನಾ’ ಎಂದರೆ ಹೊಸ್ತಿಲು, ದರ್ಗಾದ ಬಾಗಿಲು ಎಂಬ ಅರ್ಥವಿದೆ. ನಮ್ಮ ‘ಸ್ಥಾನ’ಕ್ಕೂ ಅವರ ‘ಸ್ತಾನ್‌’ಗೂ ಒಂದೇ ಬೇರು. ಸತ್ತವರ ಊರಿಗೆ ಹೊಸ್ತಿಲು ಎಂಬ ಹೆಸರು ನನಗೇನೋ ಒಪ್ಪಿತು.

ಆ ನೆಲ ಎಷ್ಟು ಒಣಗಿದ್ದು ಎಂದು ಮಾತಿನಲ್ಲಿ ಹೇಳುವುದು ಕಷ್ಟ. ತುರ್ಫಾನಿನ ತಗ್ಗಿನ ತಳ ಸಮುದ್ರ ಮಟ್ಟಕ್ಕಿಂತ 154 ಮೀಟರ್ ಕೆಳಗಿದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 16 ಮಿಲಿಮೀಟರ್. ಆಗುಂಬೆಯಲ್ಲಿ ಆಷಾಢದ ಒಂದು ಬೆಳಗಿನ ಜಡಿ ಇದಕ್ಕಿಂತ ಹೆಚ್ಚು ಸುರಿಯುತ್ತದೆ. ಹಾಗಾದರೆ ಅಲ್ಲಿ ಜನ ಬದುಕುವುದು ಹೇಗೆ, ದ್ರಾಕ್ಷಿ ಬೆಳೆಯುವುದು ಹೇಗೆ? ದೂರದ ಹಿಮಬೆಟ್ಟದ ನೀರನ್ನು ನೆಲದಡಿಯ ಸುರಂಗಗಳಲ್ಲಿ ತರುತ್ತಾರೆ. ಅದಕ್ಕೆ ಕಾರೇಜ್ ಎಂದು ಹೆಸರು. ಬೀದರಿನವರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ವಿವರಿಸಬೇಕಾಗಿಲ್ಲ. ಬಹಮನಿ ಕಾಲದ ಅದೇ ಬಗೆಯ ಸುರಂಗ, ಅದೇ ಹೆಸರಿನದು, ನೌಬಾದಿನಲ್ಲಿ ಇಂದಿಗೂ ಇದೆ. ತುರ್ಫಾನಿನ ಕಾರೇಜಿಗೆ ಇಳಿದಾಗ ನನ್ನ ಹೆಂಡತಿ, ‘ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತೇನ್ರೀ, ಬೀದರಿಗೆ ರಾತ್ರಿ ಬಸ್ಸಿದೆ’ ಎಂದಳು.

ಸ್ಮಶಾನ ಮೇಲಿನಿಂದ ನೋಡಿದರೆ ಏನೂ ಅಲ್ಲ. ಬೂದು ಬಣ್ಣದ ಜಲ್ಲಿ ನೆಲ, ಅಲ್ಲಲ್ಲಿ ಸಣ್ಣ ದಿಬ್ಬಗಳು, ಹಿನ್ನೆಲೆಯಲ್ಲಿ ಕೆಂಡದ ಬಣ್ಣದ ಬೆಟ್ಟಸಾಲು. ಗಾವೊಚಾಂಗಿನ ಜನ ಸುಮಾರು ಐನೂರು ವರ್ಷ, ಮೂರನೆಯ ಶತಮಾನದಿಂದ ಎಂಟನೆಯ ಶತಮಾನದವರೆಗೆ, ತಮ್ಮವರನ್ನು ಇಲ್ಲಿ ಹೂಳಿದರು. ನಮ್ಮ ಕಡೆ ಕದಂಬರು ತಲೆಯೆತ್ತುವ ಮೊದಲೇ ಶುರುವಾಗಿ ರಾಷ್ಟ್ರಕೂಟರು ಬಂದ ಮೇಲೆ ನಿಂತಿತು ಎಂದುಕೊಂಡರೆ ಲೆಕ್ಕ ಹಿಡಿಯುವುದು ಸುಲಭ. ನೆಲದಲ್ಲಿ ಇಳಿಜಾರಾಗಿ ಒಂದು ಓಣಿ ತೋಡಿ, ಅದರ ಕೊನೆಯಲ್ಲಿ ಒಂದು ಕೋಣೆ ಕೊರೆದು, ಶವವನ್ನು ಚಾಪೆಯ ಮೇಲೆ ಮಲಗಿಸಿ, ಓಣಿಯನ್ನು ಮತ್ತೆ ಮುಚ್ಚುತ್ತಿದ್ದರು. ನಾವು ಹೋದಾಗ ಇಳಿದು ನೋಡಲು ಬಿಡುತ್ತಿದ್ದದ್ದು ಮೂರೇ ಸಮಾಧಿಗಳಿಗೆ.

ಒಂದರ ಗೋಡೆಯ ಮೇಲೆ ಆರು ಚೌಕಗಳಲ್ಲಿ ಹೂ ಹಕ್ಕಿಗಳ ಚಿತ್ರ. ಬಾತು, ಕಾಡುಕೋಳಿ, ನೆಲದಿಂದ ಎದ್ದ ಗಿಡಗಳು. ಮರಳುಗಾಡಿನ ಹೊಟ್ಟೆಯಲ್ಲಿ ಯಾರೋ ಒಂದು ಕೈತೋಟ ಬರೆದಿಟ್ಟ ಹಾಗೆ. ಇನ್ನೊಂದರಲ್ಲಿ ನೀತಿಪಾಠ. ಬಾಯಿ ಮುಚ್ಚಿಕೊಂಡ ಒಬ್ಬ ಬಂಗಾರದ ಮನುಷ್ಯ: ಮಾತು ಕಡಿಮೆ ಆಡು ಎಂದು. ಅವನ ಆಚೆಗೆ ತೂಗುಹಾಕಿದ ಒಂದು ಪಾತ್ರೆ. ಅದು ಖಾಲಿಯಿದ್ದರೆ ಓರೆಯಾಗುತ್ತದೆ, ಅರ್ಧ ತುಂಬಿದರೆ ನೆಟ್ಟಗೆ ನಿಲ್ಲುತ್ತದೆ, ಪೂರ್ತಿ ತುಂಬಿದರೆ ಮಗುಚಿಕೊಳ್ಳುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಕಲಿತು ಬೆಳೆದ ನನಗೆ ತುಂಬಿದ್ದೇ ಮಗುಚುವ ಈ ಕೊಡ ಬಹಳ ಹೊತ್ತು ಕಾಟ ಕೊಟ್ಟಿತು. ಮತ್ತೊಂದು ತುದಿಯಲ್ಲಿ ಮಣ್ಣಿನ ದುಡ್ಡಿನ ಕುಡಿಕೆ, ಜಾತ್ರೆಯಲ್ಲಿ ನಾವು ಮಕ್ಕಳಿಗೆ ಕೊಡಿಸುತ್ತಿದ್ದಂಥದ್ದು. ತುಂಬಿದ ದಿನವೇ ಅದನ್ನು ಒಡೆಯುತ್ತಾರಲ್ಲ, ಪಾಠ ಅದೇ.

ಮೂರನೆಯದರಲ್ಲಿ ಅವರಿದ್ದರು. ಗಂಡ, ಹೆಂಡತಿ. ಗಾಜಿನ ಕೆಳಗೆ, ಮಂದ ದೀಪದಲ್ಲಿ. ಯಾರೂ ಮದ್ದು ಹಾಕಿ ಕಾಪಾಡಿದ ದೇಹಗಳಲ್ಲ ಇವು. ಈಜಿಪ್ಟಿನವರಂತೆ ಕರುಳು ತೆಗೆದು ಉಪ್ಪು ತುಂಬಿ ಬಟ್ಟೆ ಸುತ್ತಿದ್ದೂ ಅಲ್ಲ. ಬಿಸಿ, ಒಣಹವೆ, ಉಪ್ಪುನೆಲ ಇಷ್ಟೇ. ದೇಹ ಕೊಳೆಯುವ ಮೊದಲೇ ನೀರೆಲ್ಲ ಹೀರಿಹೋಯಿತು. ಚರ್ಮ ಉಳಿದಿದೆ, ಉಗುರು ಉಳಿದಿದೆ, ಕೂದಲು ಉಳಿದಿದೆ. ನಾನು ನಿಂತದ್ದು ಒಂದು ನಿಮಿಷವಿರಬಹುದು. ನೋಡಬೇಕೆಂದು ಅಷ್ಟು ದೂರ ಹೋದವನಿಗೆ ನೋಡಿದ ಕೂಡಲೇ ಕಣ್ಣು ಬೇರೆ ಕಡೆ ಹೋಯಿತು.

ನನ್ನ ಹೆಂಡತಿ ಈ ಸಮಾಧಿಗೆ ಇಳಿಯಲಿಲ್ಲ. ‘ನೀವು ನೋಡಿ ಬನ್ನಿ. ಬೇರೆಯವರ ಮನೆಯ ಹೆಣವನ್ನು ನಾನೇಕೆ ನೋಡಲಿ? ಅವರ ಕಡೆಯವರು ಯಾರಾದರೂ ಬನ್ನಿ ಎಂದು ಹೇಳಿಕಳಿಸಿದ್ದಾರೆಯೇ?’ ಎಂದು ಮೇಲೆಯೇ ನಿಂತಳು. ನಾನು ಹತ್ತಿ ಬಂದಾಗ, ‘ಹೋಟೆಲಿಗೆ ಹೋದ ತಕ್ಷಣ ಸ್ನಾನ ಮಾಡಿ’ ಎಂದಳು. ಮಾಡಿದೆ. ಇದನ್ನು ಮೂಢನಂಬಿಕೆ ಎನ್ನುವವರು ಎನ್ನಲಿ. ಸಾವಿರದ ಮುನ್ನೂರು ವರ್ಷದ ಹಿಂದಿನ ಸಾವಿಗೂ ಒಂದು ಚೊಂಬು ನೀರಿನ ಮರ್ಯಾದೆ ಸಲ್ಲಬೇಕು ಎಂದೇ ನನಗೆ ಅನ್ನಿಸಿತು.

ಇನ್ನು ಕಾಗದದ ವಿಷಯಕ್ಕೆ ಬರುತ್ತೇನೆ.

ಗಾವೊಚಾಂಗಿನವರು ಸತ್ತವರ ಜೊತೆ ಒಂದು ಪಟ್ಟಿಯನ್ನು ಹೂಳುತ್ತಿದ್ದರು. ಪರಲೋಕಕ್ಕೆ ಒಯ್ಯುವ ಸಾಮಾನಿನ ಪಟ್ಟಿ. ಇಷ್ಟು ಅಂಗಿ, ಇಷ್ಟು ಜೋಡು, ಇಷ್ಟು ರೇಷ್ಮೆ, ಇಷ್ಟು ಬಂಗಾರದ ನಾಣ್ಯ. ಮೊದಮೊದಲಿನ ಪಟ್ಟಿಗಳು ನಿಯತ್ತಿನವು. ಸಮಾಧಿಯಲ್ಲಿ ಏನಿದೆಯೋ ಸುಮಾರಾಗಿ ಅಷ್ಟನ್ನೇ ಬರೆದಿವೆ. ಕಾಲ ಕಳೆದಂತೆ ಪಟ್ಟಿ ಉಬ್ಬಿತು. ಸಾವಿರಗಟ್ಟಲೆ ನಾಣ್ಯ, ಸ್ವರ್ಗಕ್ಕೆ ಹತ್ತಲು ಕೋಟಿಗಟ್ಟಲೆ ಮಾರಿನ ದಾರ! ಕೆಳಗೆ ಇಬ್ಬರು ಸಾಕ್ಷಿದಾರರ ಹೆಸರು, ಪಟ್ಟಿಯಿಂದ ಪಟ್ಟಿಗೆ ಅವರೇ ಇಬ್ಬರು. ಒಬ್ಬನ ಹೆಸರಿನ ಅರ್ಥ ‘ಗಟ್ಟಿ’, ಇನ್ನೊಬ್ಬನದು ‘ಅಳತೆ ಖಚಿತ’ ಎಂಬಂತೆ. ಹುಟ್ಟದೇ ಇದ್ದ ಸಾಕ್ಷಿಗಳು. ಇವರನ್ನು ಹುಡುಕಬೇಕಾದರೆ ಕಡಲಿನ ಮೂಡಣ ತುದಿಗೆ ಹೋಗಿ, ಇಲ್ಲವೇ ಪಡುವಣ ಗೋಡೆಗೆ ಹೋಗಿ ಎಂದು ವಿಳಾಸ ಬೇರೆ ಕೊಟ್ಟಿದ್ದಾರೆ. ಇದನ್ನು ಕೇಳಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ನಮ್ಮ ಮಾರ್ಗದರ್ಶಿ ಹುಡುಗಿ ಗಾಬರಿಯಾದಳು. ಇಂಥ ಸಾಕ್ಷಿಗಳನ್ನು ಕ್ರಯಪತ್ರಗಳಲ್ಲಿ ನಾನು ಎಷ್ಟು ಕಂಡಿಲ್ಲ! ವಿಳಾಸ ಮಾತ್ರ ಇಷ್ಟು ಪ್ರಾಮಾಣಿಕವಾಗಿ ಇರುತ್ತಿರಲಿಲ್ಲ.

ಹಾಗೆ, ಯಮನ ಕಚೇರಿಗೆಂದೇ ಬರೆದ ಕಾಗದದಲ್ಲಿ ಸುಳ್ಳಿದೆ. ನಿಜ ಇರುವುದು ಕಾಲಿನ ಜೋಡಿನಲ್ಲಿ.

ಹೆಣಕ್ಕೆ ತೊಡಿಸುವ ಜೋಡು, ಟೊಪ್ಪಿಗೆ, ನಡುಪಟ್ಟಿ ಇವನ್ನು ಕಾಗದದಲ್ಲಿ ಮಾಡುವುದು ಆ ಊರಿನ ಪದ್ಧತಿಯಾಗಿತ್ತು. ಮಣ್ಣಾಗುವ ಜೋಡಿಗೆ ಹೊಸ ಕಾಗದ ಯಾರು ಹಾಕುತ್ತಾರೆ? ಆಗ ಕಾಗದ ಅಗ್ಗದ್ದೇನಲ್ಲ. ಊರಿನಲ್ಲಿ ರದ್ದಿ ಸಿಗುತ್ತಿತ್ತು. 640ರಲ್ಲಿ ಚೀನಾದ ತಾಂಗ್ ವಂಶದ ಚಕ್ರವರ್ತಿಯ ಸೈನ್ಯ ಬಂದು ಗಾವೊಚಾಂಗನ್ನು ಗೆದ್ದುಕೊಂಡ ಮೇಲೆ ಅಲ್ಲಿ ಕಚೇರಿಗಳು ಹೆಚ್ಚಿದವು, ಕಚೇರಿಗಳ ಜೊತೆ ಕಡತಗಳು ಹೆಚ್ಚಿದವು. ಸಾಮಾನ್ಯ ಕಡತಗಳನ್ನು ಮೂರು ವರ್ಷವಾದ ಮೇಲೆ ವಿಲೇವಾರಿ ಮಾಡುವುದು ತಾಂಗ್ ಕಾಲದ ನಿಯಮ. ಇದನ್ನು ಕೇಳಿದಾಗ ನನಗೆ ಅಣ್ಣತಮ್ಮಂದಿರು ಸಿಕ್ಕಷ್ಟು ಸಂತೋಷವಾಯಿತು. ನಮ್ಮಲ್ಲೂ ಅಷ್ಟೇ: ಕೆಲವು ಕಡತ ಶಾಶ್ವತ, ಉಳಿದವಕ್ಕೆ ಇಷ್ಟಿಷ್ಟು ವರ್ಷ ಎಂದು ವರ್ಗ ಗೊತ್ತುಮಾಡಿ, ಅವಧಿ ಮುಗಿದದ್ದನ್ನು ಹರಿದುಹಾಕುತ್ತೇವೆ. ಅಲ್ಲಿ ಹಾಗೆ ಹೊರಬಿದ್ದ ಕಾಗದವನ್ನು ಕೊಂಡವರು ಕತ್ತರಿ ತೆಗೆದುಕೊಂಡು ಅಂಗಾಲಿನ ಆಕಾರಕ್ಕೆ ಕತ್ತರಿಸಿ, ಹೊಲಿದು, ಕೆಲವೊಮ್ಮೆ ಮೇಲೆ ಕಪ್ಪು ಬಳಿದು ಜೋಡು ಮಾಡಿದರು.

1959ರಿಂದ 1975ರವರೆಗೆ ಚೀನಾದ ಪುರಾತತ್ವದವರು ಇಲ್ಲಿ ನಾನೂರಕ್ಕೂ ಹೆಚ್ಚು ಸಮಾಧಿಗಳನ್ನು ಅಗೆದರು. ಬಂಗಾರ, ಬೆಳ್ಳಿ ಇದ್ದದ್ದನ್ನೆಲ್ಲ ಕಳ್ಳರು ಹಿಂದೆಯೇ ಬಾಚಿಕೊಂಡಿದ್ದರು. ಹಳೆಯ ಕಾಗದದ ಜೋಡು ಯಾವ ಕಳ್ಳನಿಗೆ ಬೇಕು? ಸುಮಾರು ಇನ್ನೂರು ಸಮಾಧಿಗಳಲ್ಲಿ ಬರಹವಿದ್ದ ಕಾಗದ ಸಿಕ್ಕಿತು. ವಿದ್ವಾಂಸರು ಆ ಜೋಡುಗಳ ಹೊಲಿಗೆ ಬಿಚ್ಚಿ, ಬಲಗಾಲಿನ ತುಂಡನ್ನು ಎಡಗಾಲಿನ ತುಂಡಿಗೆ, ಟೊಪ್ಪಿಗೆಯ ಅಂಚನ್ನು ನಡುಪಟ್ಟಿಯ ತುದಿಗೆ ಜೋಡಿಸುತ್ತಾ ವರ್ಷಗಟ್ಟಲೆ ಕೂತರು. ಸುಮಾರು 2,000 ದಸ್ತಾವೇಜುಗಳು ಎದ್ದು ಕುಳಿತವು. ಅದರಲ್ಲಿ ಮುನ್ನೂರರ ಆಸುಪಾಸು ಕರಾರುಪತ್ರಗಳೇ. ಹೊಲ ಗುತ್ತಿಗೆ, ಸಾಲ, ಎತ್ತು ಒಂಟೆ ಕೊಂಡದ್ದು, ಆಳನ್ನು ಕೊಂಡದ್ದು. ಬರೆಯಲು ಬಾರದವರು ರುಜುವಿನ ಬದಲು ತಮ್ಮ ಬೆರಳನ್ನು ಕಾಗದದ ಮೇಲಿಟ್ಟು ಗೆಣ್ಣುಗಳ ಜಾಗಕ್ಕೆ ಗೀಟು ಎಳೆಯುತ್ತಿದ್ದರು. ನಮ್ಮ ಹೆಬ್ಬೆಟ್ಟಿಗೆ ಅದು ಅಜ್ಜ. ಸಂಗ್ರಹಾಲಯದಲ್ಲಿ ಅಂಥದೊಂದು ಪತ್ರದ ಮುಂದೆ ನಿಂತು ನನ್ನ ಬೆರಳನ್ನು ಗಾಜಿನ ಮೇಲಿಟ್ಟು ನೋಡಿದೆ. ಅವನ ಬೆರಳು ನನ್ನದಕ್ಕಿಂತ ಗಿಡ್ಡ.

ಜುವೊ ಚೊಂಗ್‌ಷಿ ಎಂಬ ಒಬ್ಬ ಲೇವಾದೇವಿಗಾರ 673ರಲ್ಲಿ ಸತ್ತ. ಅವನ ಸಮಾಧಿಯಲ್ಲಿ ಮಾತ್ರ ಹದಿನೈದು ಕರಾರುಪತ್ರಗಳು ಕತ್ತರಿ ಬೀಳದೆ ಇಡಿಯಾಗಿ ಸಿಕ್ಕಿವೆ. ಇವು ರದ್ದಿಯಲ್ಲ, ಜೊತೆಗೆ ಇಟ್ಟು ಕಳಿಸಿದ್ದು. ಬಾಕಿ ವಸೂಲಿಗೆ ಮೇಲಿನ ನ್ಯಾಯಾಲಯವೊಂದಿದೆ ಎಂದು ಅವನ ಮನೆಯವರಿಗೆ ನಂಬಿಕೆ ಇತ್ತೇನೋ. ಇಂಥವರ ಬಗ್ಗೆ ಹೆಚ್ಚು ಹೇಳುವುದು ಬೇಡ, ಎಲ್ಲ ಊರಿನಲ್ಲೂ ಇದ್ದಾರೆ.

ನನಗೆ ಬಹಳ ಇಷ್ಟವಾದವನು ಒಬ್ಬ ಹುಡುಗ. ಹೆಸರು ಬು ತಿಯಾನ್‌ಷೌ, ವಯಸ್ಸು ಹನ್ನೆರಡು, ವರ್ಷ 710. ಮಠದಲ್ಲಿ ಮೇಷ್ಟ್ರು ಕನ್‌ಫ್ಯೂಷಿಯಸನ ಮಾತುಗಳನ್ನೂ ಅದರ ಹಳೆಯ ವ್ಯಾಖ್ಯಾನವನ್ನೂ ಪ್ರತಿ ಮಾಡಲು ಹಚ್ಚಿದ್ದಾರೆ. ಉದ್ದನೆಯ ಸುರುಳಿ, ಐದು ಮೀಟರಿಗೂ ಹೆಚ್ಚು. ಹುಡುಗ ಬರೆದೇ ಬರೆದ. ತಪ್ಪುಗಳೂ ಇವೆಯಂತೆ. ಆ ವ್ಯಾಖ್ಯಾನದ ಮೂಲ ಗ್ರಂಥ ಚೀನಾದಲ್ಲಿ ಎಂದೋ ಕಳೆದುಹೋಗಿತ್ತು. ಪಂಡಿತರಿಗೆ ಅದರ ಈ ಭಾಗ ಮತ್ತೆ ಸಿಕ್ಕಿದ್ದು 1969ರಲ್ಲಿ, ಈ ಹುಡುಗನ ಕಾಪಿ ಪುಸ್ತಕದಿಂದ. ಅದು ದೊಡ್ಡ ವಿಷಯ, ಪಂಡಿತರದು. ನನ್ನ ವಿಷಯ ಬೇರೆ. ಬರೆದು ಮುಗಿಸಿದ ಮೇಲೆ ಉಳಿದ ಜಾಗದಲ್ಲಿ ಹುಡುಗ ಸ್ವಂತದ ನಾಲ್ಕು ಸಾಲಿನ ಪದ್ಯ ಹಾಕಿದ್ದಾನೆ. ಅದರ ತಾತ್ಪರ್ಯ ಇಷ್ಟು: ಇವತ್ತಿನ ಬರಹ ಮುಗಿಯಿತು, ತಡವಾಯಿತೆಂದು ಮೇಷ್ಟ್ರು ಗೊಣಗಬಾರದು, ನಾಳೆ ರಜೆ, ಮಕ್ಕಳನ್ನು ಬೇಗ ಮನೆಗೆ ಬಿಡಿ.

(ಇಲ್ಲಿ ಸಭೆಯಲ್ಲಿ ಹಿಂದೆ ಕುಳಿತಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಆ ಸಂಜೆ ನನಗೆ ಬಿದ್ದ ಮೊದಲ ಚಪ್ಪಾಳೆ ಅದು. ಅದೂ ನನಗಲ್ಲ.)

ಮುಂದೆ ದಂಡನಾಯಕ. ಝಾಂಗ್ ಷಿಯೊಂಗ್ ಎಂದು ಹೆಸರು, ಗಾವೊಚಾಂಗ್ ರಾಜನ ಸೇನೆಯ ದೊಡ್ಡ ಅಧಿಕಾರಿ, 633ರಲ್ಲಿ ತೀರಿಕೊಂಡ. ಅವನ ದೇಹ ಈಗ ಉರುಮ್ಚಿಯ ಸಂಗ್ರಹಾಲಯದಲ್ಲಿದೆ. ಇವನ ಕಾಲದಲ್ಲೇ, 630ರ ಹೊತ್ತಿಗೆ, ನಮಗೆಲ್ಲ ಶಾಲೆಯ ಪಾಠದಿಂದ ಪರಿಚಿತನಾದ ಒಬ್ಬ ಯಾತ್ರಿಕ ಗಾವೊಚಾಂಗಿಗೆ ಬಂದಿದ್ದ: ಹ್ಯೂಯೆನ್ ತ್ಸಾಂಗ್. ರಾಜ ಚ್ಯು ವೆನ್‌ತಾಯ್ ಅವನನ್ನು ಬಿಡಲೊಲ್ಲೆ, ಇಲ್ಲೇ ಇದ್ದುಬಿಡು ಎಂದು ಹಟ ಹಿಡಿದ. ಭಿಕ್ಷು ಅನ್ನನೀರು ಬಿಟ್ಟು ಕುಳಿತ. ಕೊನೆಗೆ ರಾಜನೇ ಸೋತು, ಮೂವತ್ತು ಕುದುರೆ, ಇಪ್ಪತ್ತೈದು ಆಳು, ಐನೂರು ಥಾನು ರೇಷ್ಮೆ, ದಾರಿಯ ಅರಸರಿಗೆಲ್ಲ ಪರಿಚಯದ ಓಲೆ ಕೊಟ್ಟು ಕಳಿಸಿದ. ಹಿಂದಿರುಗುವಾಗ ಮೂರು ವರ್ಷ ನನ್ನಲ್ಲಿ ಇರಬೇಕು ಎಂದು ಮಾತು ತೆಗೆದುಕೊಂಡ. ಅದೇ ಭಿಕ್ಷು ಹತ್ತು ಹನ್ನೊಂದು ವರ್ಷಗಳ ಮೇಲೆ ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು, ಇಲ್ಲಿನ ಯೋಧರ ಸೆಟೆತವನ್ನೂ ಹೆಂಡ ಕುಡಿಸಿ ಯುದ್ಧಕ್ಕೆ ಬಿಡುವ ಆನೆಗಳನ್ನೂ ಬರೆದಿಟ್ಟ. ಅವನು ಊರಿಗೆ ಮರಳುವ ಹೊತ್ತಿಗೆ ಗಾವೊಚಾಂಗಿನ ರಾಜನೂ ಇರಲಿಲ್ಲ, ರಾಜ್ಯವೂ ಇರಲಿಲ್ಲ. ಮಾತು ಉಳಿಸಿಕೊಳ್ಳಲು ಬಾಗಿಲೇ ಇರಲಿಲ್ಲ, ಬೇರೆ ದಾರಿಯಿಂದ ಹೋದ. ಆ ದಂಡನಾಯಕ ರಾಜಸಭೆಯಲ್ಲಿ ಭಿಕ್ಷುವನ್ನು ಕಣ್ಣಾರೆ ಕಂಡಿರಬಹುದು ಎಂದು ನನ್ನ ಊಹೆ. ಊಹೆ ಮಾತ್ರ, ಷರಾ ಬರೆಯುವಾಗ ಇದನ್ನು ಸೇರಿಸಬೇಡಿ.

ದಂಡನಾಯಕನ ಹೆಂಡತಿ ಅವನಿಗಿಂತ ಐವತ್ತೈದು ವರ್ಷ ಹೆಚ್ಚು ಬದುಕಿ 688ರಲ್ಲಿ ತೀರಿಕೊಂಡಳು. ಅದೇ ಸಮಾಧಿಯಲ್ಲಿ ಅವಳಿಗೂ ಜಾಗ. ಅವಳ ಜೊತೆ ಇಟ್ಟದ್ದು ಚಂದದ ಗೊಂಬೆಗಳು: ಮರದ ತಲೆ, ರೇಷ್ಮೆಯ ಉಡುಗೆ, ಹಣೆಯಲ್ಲಿ ಹೂವಿನ ಬೊಟ್ಟು. ಗೊಂಬೆಗಳ ತೋಳುಗಳನ್ನು ಮಾತ್ರ ಕಾಗದ ಸುರುಳಿ ಸುತ್ತಿ ಮಾಡಿದ್ದರು. ತೋಳು ಬಿಚ್ಚಿ ನೋಡಿದರೆ ಅದು ಗಿರವಿ ಅಂಗಡಿಯ ಲೆಕ್ಕ! ಅದೂ ತುರ್ಫಾನಿನದಲ್ಲ, ಸಾವಿರಾರು ಕಿಲೋಮೀಟರ್ ದೂರದ ರಾಜಧಾನಿ ಚಾಂಗ್‌ಆನಿನದು. ಯಾರು ಯಾವ ಬಟ್ಟೆ ಅಡವಿಟ್ಟರು, ಎಷ್ಟು ಕಾಸು ತೆಗೆದುಕೊಂಡರು, ಯಾವಾಗ ಬಿಡಿಸಿಕೊಂಡರು. ರಾಜಧಾನಿಯ ಬಡವರು ಕೈಬರಿದಾದ ದಿನ ಬಿಚ್ಚಿಕೊಟ್ಟ ಹಳೆಯ ಅಂಗಿಯ ಲೆಕ್ಕ ಮರಳುಗಾಡಿನ ಶ್ರೀಮಂತೆಯ ಗೊಂಬೆಗೆ ತೋಳಾಯಿತು. ಆ ಗೊಂಬೆಗಳ ಚಿತ್ರ ಎಲ್ಲ ಪುಸ್ತಕಗಳಲ್ಲೂ ಇದೆ. ನನಗೆ ಈಗ ಅವುಗಳ ಮುಖ ಕಾಣಿಸುವುದೇ ಇಲ್ಲ.

ಶವಪೆಟ್ಟಿಗೆಯನ್ನೇ ಕಾಗದದಲ್ಲಿ ಮಾಡಿದ್ದೂ ಇದೆ. ಮರದ ಚೌಕಟ್ಟಿಗೆ ರದ್ದಿ ಮೆತ್ತಿ, ಮೇಲೆ ಕೆಂಪು ಬಳಿದದ್ದು. ಬಿಚ್ಚಿದಾಗ ಸಿಕ್ಕಿದ್ದು ರಸ್ತೆಬದಿಯ ಅಂಚೆ ಠಾಣ್ಯಗಳ ಮೇವಿನ ಲೆಕ್ಕ, 750ರ ದಶಕದ್ದು. ಅದರಲ್ಲೊಂದು ನಮೂದು: ತ್ಸೆನ್ ಎಂಬ ಅಧಿಕಾರಿಯ ಏಳು ಕುದುರೆಗಳಿಗೆ ಇಷ್ಟು ಹಸಿ ಗೋಧಿ ಮೇವು ಕೊಟ್ಟಿದೆ. ಈ ತ್ಸೆನ್ ಬೇರೆ ಯಾರೂ ಅಲ್ಲ, ಗಡಿನಾಡಿನ ಹಿಮ, ಬಿರುಗಾಳಿಗಳನ್ನು ಪದ್ಯವಾಗಿ ಬರೆದ ಹೆಸರಾಂತ ಕವಿ ತ್ಸೆನ್ ಷೆನ್ ಎನ್ನುತ್ತಾರೆ. ಕವಿಯ ಪದ್ಯಗಳನ್ನು ಚೀನಾದ ಮಕ್ಕಳು ಇಂದಿಗೂ ಬಾಯಿಪಾಠ ಮಾಡುತ್ತಾರೆ. ಆ ಪದ್ಯಗಳ ಹಿಂದೆ ಯಾವನೋ ಒಬ್ಬ ಠಾಣ್ಯದ ಗುಮಾಸ್ತ ಸೇರು ಪಾವಿನ ಲೆಕ್ಕ ಬರೆದು ಬೆನ್ನು ನೋಯಿಸಿಕೊಂಡಿದ್ದನಲ್ಲ, ಅವನಿಗೆ ನನ್ನ ನಮಸ್ಕಾರ.

ಊಟದ ವಿಷಯ ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಹೌದು, ತಿಂಡಿಗಳೂ ಉಳಿದಿವೆ. ನಮ್ಮ ಕರ್ಜಿಕಾಯಿಯ ಆಕಾರದ ಹಿಟ್ಟಿನ ಕಡುಬು, ಹುರಿ ಹೊಸೆದಂತೆ ತಿರುಚಿದ ಕರಿದ ತಿಂಡಿ, ಹೂವಿನ ಅಚ್ಚಿನ ಬಿಸ್ಕತ್ತು. ಕಲ್ಲಾಗಿವೆ, ಬಣ್ಣ ಕಂದು, ಆದರೆ ಅಂಚಿನಲ್ಲಿ ಬೆರಳಿನಿಂದ ಒತ್ತಿದ ಗುರುತು ಹಾಗೆಯೇ ಇದೆ. ನನ್ನ ಹೆಂಡತಿ ಇವನ್ನು ನೋಡಲು ಮಾತ್ರ ಬಂದಳು. ಬಹಳ ಹೊತ್ತು ನೋಡಿ, ‘ಮಡಿಕೆ ಸರಿಯಾಗಿ ಮಾಡಿದ್ದಾರೆ, ಎಣ್ಣೆಗೆ ಹಾಕಿದರೂ ಬಾಯಿ ಬಿಡುತ್ತಿರಲಿಲ್ಲ’ ಎಂದಳು.

ಇಷ್ಟು ದೂರ ಹೋಗಲಾಗದವರಿಗೆ ಒಂದು ಮಾತು. ದೆಹಲಿಗೆ ಹೋದರೆ ಅಸ್ತಾನದ ಒಂದು ಪಾಲನ್ನು ನೋಡಬಹುದು. 1915ರ ಜನವರಿಯಲ್ಲಿ ಆರೆಲ್ ಸ್ಟೈನ್ ಅಸ್ತಾನದಲ್ಲಿ ಅಗೆದರು. ಇವರು ಕಾಶ್ಮೀರದ ರಾಜತರಂಗಿಣಿಯನ್ನು ಇಂಗ್ಲಿಷಿಗೆ ತಂದ ಅದೇ ಸ್ಟೈನ್. ಅವರ ಆ ಮೂರನೆಯ ಪ್ರವಾಸದ ಖರ್ಚು ಅಂದಿನ ಬ್ರಿಟಿಷ್ ಇಂಡಿಯಾ ಸರ್ಕಾರದ್ದು, ಅಂದರೆ ನಮ್ಮ ಅಜ್ಜಂದಿರು ಕಟ್ಟಿದ ಕಂದಾಯದ್ದು. ಹಾಗಾಗಿ ಸಿಕ್ಕಿದ್ದರಲ್ಲಿ ದೊಡ್ಡ ಪಾಲು ಭಾರತಕ್ಕೆ ಬಂತು. ಈಗ ಜನಪಥದ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಸಮಾಧಿಯ ಚಾವಣಿಗೆ ಮರದ ಮೊಳೆ ಹೊಡೆದು ತೂಗಿಸುತ್ತಿದ್ದ ರೇಷ್ಮೆಯ ಚಿತ್ರಪಟ ಅಲ್ಲಿದೆ. ಫುಷಿ, ನ್ಯುವಾ ಎಂಬ ಆದಿದಂಪತಿಗಳು: ಸೊಂಟದಿಂದ ಮೇಲೆ ಮನುಷ್ಯರು, ಕೆಳಗೆ ಹೆಣೆದುಕೊಂಡ ಹಾವುಗಳು, ಕೈಯಲ್ಲಿ ಕೈವಾರ ಮತ್ತು ಮೂಲೆಮಟ್ಟ, ಸುತ್ತ ಚುಕ್ಕೆಗಳು. ನಮ್ಮ ಊರುಗಳ ಅರಳಿಕಟ್ಟೆಯ ನಾಗರಕಲ್ಲಿನಲ್ಲಿ ಹೆಣೆದ ಎರಡು ಹಾವುಗಳನ್ನು ಕಂಡವರಿಗೆ ಅದು ಸ್ವಲ್ಪ ಪರಿಚಿತ ಅನ್ನಿಸುತ್ತದೆ. ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ, ಅನ್ನಿಸುತ್ತದೆ ಎಂದಷ್ಟೇ.

ಸ್ಟೈನ್ ಜೊತೆ ಸಮಾಧಿ ಬಗೆದು ಅಭ್ಯಾಸವಿದ್ದ ಸ್ಥಳೀಯನೊಬ್ಬ ಇದ್ದ. ಹೆಣದ ಬಾಯಿಯಲ್ಲಿ ನಾಣ್ಯ ಇಡುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಹಿಂಜರಿಯದೆ ದವಡೆಗೆ ಕೈ ಹಾಕುತ್ತಿದ್ದನಂತೆ. ಹಾಗೆ ಸಿಕ್ಕ ನಾಣ್ಯಗಳಿಂದಲೇ ಇರಾನಿನ ಬೆಳ್ಳಿ, ಬೈಜಾಂಟಿಯಮ್ಮಿನ ಬಂಗಾರದ ನಾಣ್ಯಗಳ ನಕಲು ಎಲ್ಲಿಯವರೆಗೆ ಹರಿದಾಡಿದ್ದವು ಎಂದು ತಿಳಿಯಿತು. ತಿಳಿಯಿತು, ನಿಜ. ಆ ವಾಕ್ಯವನ್ನು ಓದಿದ ಮೇಲೆ ಮತ್ತೆ ನನ್ನ ಹೆಂಡತಿಯ ಪ್ರಶ್ನೆಯೇ ನೆನಪಾಯಿತು, ಅವರ ಕಡೆಯವರು ಯಾರಾದರೂ ಹೇಳಿಕಳಿಸಿದ್ದಾರೆಯೇ ಎಂದದ್ದು. ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಕಾಗದಗಳ ಆಸೆ ಮಾತ್ರ ಬಿಡಲಾರೆ.

ಕೊನೆಯದಾಗಿ ಒಂದು ಪ್ರಕರಣ. ವರ್ಷ 762. ಒಂದು ಕಡತ, ಮೊಹರು ಸಮೇತ. ಊರಿನ ದಕ್ಷಿಣದ ಬಾಗಿಲ ಬಳಿ ಒಂದು ಅಂಗಡಿಯ ಮುಂದೆ ಇಬ್ಬರು ಮಕ್ಕಳು ಕುಳಿತಿದ್ದರು. ಜಿನ್‌ಅರ್ ಎಂಬ ಹುಡುಗ, ಷಿಯಾಂಗ್‌ಜಿ ಎಂಬ ಹುಡುಗಿ, ಇಬ್ಬರಿಗೂ ಎಂಟು ವರ್ಷ. ಒಂದು ಎತ್ತಿನ ಗಾಡಿ ಅವರ ಮೇಲೆ ಹಾದುಹೋಯಿತು. ಹುಡುಗನ ಸೊಂಟದಿಂದ ಕೆಳಗೆ ಮೂಳೆ ಮುರಿದಿದೆ, ಬದುಕುವ ಭರವಸೆ ಇಲ್ಲ ಎಂದು ಅವನ ತಂದೆಯ ದೂರು. ಹುಡುಗಿಯ ತಂದೆಯದು ಇನ್ನೊಂದು ದೂರು. ಗಾಡಿ ಹೊಡೆಯುತ್ತಿದ್ದವನು ಕಾಂಗ್ ಷಿಫೆನ್, ಮೂವತ್ತು ವರ್ಷದ ಕೂಲಿಯಾಳು, ಸಮರ್ಕಂದ್ ಕಡೆಯ ಮನೆತನದ ಹೆಸರು. ಅವನ ಹೇಳಿಕೆಯನ್ನು ಗುಮಾಸ್ತ ಬರೆದುಕೊಂಡಿದ್ದಾನೆ: ಊರ ಹೊರಗೆ ಹಸಿ ಇಟ್ಟಿಗೆ ಸಾಗಿಸಿ ಹಿಂದಿರುಗುತ್ತಿದ್ದೆ. ಗಾಡಿಯೂ ಎತ್ತೂ ನನ್ನವಲ್ಲ, ಎರವಲು ತಂದದ್ದು. ಎತ್ತಿನ ಸ್ವಭಾವ ನನಗೆ ಗೊತ್ತಿರಲಿಲ್ಲ. ಎಳೆದು ಹಿಡಿದೆ, ನನ್ನ ಕೈಯಲ್ಲಿ ಆಗಲಿಲ್ಲ. ಮಕ್ಕಳಿಗೆ ಪೆಟ್ಟಾದದ್ದು ನಿಜ. ನನ್ನನ್ನು ಜಾಮೀನಿನ ಮೇಲೆ ಬಿಟ್ಟರೆ ಔಷಧೋಪಚಾರ ಮಾಡಿಸುತ್ತೇನೆ. ಮಕ್ಕಳು ಉಳಿಯದಿದ್ದರೆ ಕಾನೂನಿನಂತೆ ಶಿಕ್ಷೆಗೆ ಒಳಗಾಗುತ್ತೇನೆ.

ನನ್ನ ಮೂವತ್ತಮೂರು ವರ್ಷದ ಕೆಲಸದಲ್ಲಿ ಒಬ್ಬ ಬಡವ ಇಷ್ಟು ನೇರವಾಗಿ ಕೊಟ್ಟ ಹೇಳಿಕೆಯನ್ನು ಓದಿದ ನೆನಪಿಲ್ಲ. ಹೇಳಿಕೆ ಬರೆದುಕೊಂಡ ಗುಮಾಸ್ತನೂ ಅದನ್ನು ಕೆಡಿಸಿಲ್ಲ.

ನಾನು ಇಲ್ಲಿಗೆ ಮಾತು ಮುಗಿಸಿದ್ದೆ. ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಹಿರಿಯರೊಬ್ಬರು ವೀಸಾ, ಊಟ, ಖರ್ಚಿನ ಬಗ್ಗೆ ವಿಚಾರಿಸಿದರು, ಹೇಳಿದೆ. ಇನ್ನೊಬ್ಬರು ದೆಹಲಿಯಲ್ಲಿರುವುದನ್ನು ಹಿಂದಿರುಗಿಸಬೇಕಲ್ಲವೇ ಎಂದರು. ಅದರ ಮೇಲೆ ಅವರಿಗೂ ಅವರ ಪಕ್ಕದವರಿಗೂ ಚರ್ಚೆ ಹತ್ತಿ ನನ್ನ ಕೆಲಸ ಉಳಿಯಿತು. ಆಮೇಲೆ ಚಪ್ಪಾಳೆ ತಟ್ಟಿದ ಮಕ್ಕಳ ಗುಂಪಿನಿಂದ ಒಬ್ಬ ಹುಡುಗಿ ಎದ್ದಳು. ನಾಲ್ಕನೆಯ ತರಗತಿಯಿರಬಹುದು.

‘ಅಜ್ಜ, ಆ ಇಬ್ಬರು ಮಕ್ಕಳು ಬದುಕಿದರಾ?’

ಕಡತದ ಕೊನೆಯಲ್ಲಿ ಅಧಿಕಾರಿಯ ಆದೇಶವಿದೆಯಮ್ಮ, ಎಂದೆ. ಕಾಂಗ್ ಷಿಫೆನ್‌ನನ್ನು ಜಾಮೀನಿನ ಮೇಲೆ ಬಿಡತಕ್ಕದ್ದು, ಗಡುವಿನವರೆಗೆ ಮಕ್ಕಳ ಆರೈಕೆ ಅವನ ಹೊಣೆ, 762ನೆಯ ಇಸವಿ. ಕಡತ ಅಲ್ಲಿಗೆ ಮುಗಿಯುತ್ತದೆ.

‘ಮುಂದಿನ ಹಾಳೆ?’ ಎಂದಳು.

ಯಾರದೋ ಕಾಲಿನಲ್ಲಿ ಹೋಗಿರಬೇಕು ಎಂದು ಹೇಳಲು ಬಾಯಿ ಬರಲಿಲ್ಲ. ಸಿಕ್ಕಿಲ್ಲ ಎಂದೆ. ಅವಳು ಕೂರಲಿಲ್ಲ, ಸ್ವಲ್ಪ ಹೊತ್ತು ನಿಂತೇ ಇದ್ದಳು.